ಕರ್ನಲ್‌ನಲ್ಲಿ ಅಡ್ರೆಸ್ ಚೆಕ್ ರಿಪೇರಿ: ಕೂಡಬೇಡಿ, ಕಳೆಯಿರಿ

ಲಿನಕ್ಸ್ ಡ್ರೈವರ್ (ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನೊಳಗೆ ಕೂತು ಹಾರ್ಡ್‌ವೇರ್ ನಡೆಸುವ ಭಾಗ) ಕೋಡ್ ರಿವ್ಯೂಗೆ ಬಂದರೆ ನಾನು ಮೊದಲು ಹುಡುಕುವುದು ಕೂಡುವ ಚಿಹ್ನೆಯನ್ನು. ಅದರಲ್ಲೂ ಈ ಥರದ ಸಾಲನ್ನು (ವೇರಿಯಬಲ್ ಹೆಸರು ಮಾತ್ರ ಕನ್ನಡಕ್ಕೆ ತಂದಿದ್ದೇನೆ):

ಆರಂಭ + ಉದ್ದ > ಮಿತಿ ಆದರೆ, ಎರರ್ ಕೊಡು

ಓದೋಕೆ ಸರಿಯಾಗೇ ಇದೆ. ಯೂಸರ್ ಪ್ರೋಗ್ರಾಂ ಒಂದು ಅಡ್ರೆಸ್ ಕೊಟ್ಟು "ಇಲ್ಲಿಂದ ಇಷ್ಟು ಬೈಟ್" ಅಂದಿದೆ, ಅಷ್ಟೂ ಮಿತಿಯೊಳಗಿದೆಯಾ ಅಂತ ಕರ್ನಲ್ ನೋಡುತ್ತಿದೆ. ಆದರೆ ಆರಂಭ, ಉದ್ದ ಎರಡೂ ಹೊರಗಿನವನು ಕೊಟ್ಟದ್ದು. 32 ಬಿಟ್ ಬೋರ್ಡಿನಲ್ಲಿ ಅವನು ಆರಂಭ 4,29,49,63,200, ಉದ್ದ 8,192 ಅಂತ ಕೊಟ್ಟ ಅಂದುಕೊಳ್ಳಿ. ಮೊತ್ತ 32 ಬಿಟ್‌ನಲ್ಲಿ ಹಿಡಿಸುವುದಿಲ್ಲ, ಇದೇ ಓವರ್‌ಫ್ಲೋ. ಮೇಲಿನ ಬಿಟ್ ಉದುರಿ ಉಳಿಯುವುದು ಬರೀ 4,096. ಚೆಕ್ ಪಾಸ್! 64 ಬಿಟ್‌ನಲ್ಲೂ ಇದೇ ಹಣೆಬರಹ, ಅಂಕಿ ದೊಡ್ಡದು ಅಷ್ಟೇ.

ಇದನ್ನು ಹೀಗೆ ಬದಲಿಸಿ:

ಉದ್ದ > ಮಿತಿ ಅಥವಾ ಆರಂಭ > ಮಿತಿ − ಉದ್ದ ಆದರೆ, ಎರರ್ ಕೊಡು

ಎರಡೂ ಭಾಗ ಬೇಕೇ ಬೇಕು. ಮೊದಲನೆಯ ಭಾಗ ಇಲ್ಲದಿದ್ದರೆ ಮಿತಿಯಿಂದ ದೊಡ್ಡ ಉದ್ದವನ್ನು ಕಳೆದಾಗ ಫಲಿತಾಂಶ ಸೊನ್ನೆಗಿಂತ ಕೆಳಗಿಳಿದು, ಅನ್‌ಸೈನ್ಡ್ (ಋಣ ಸಂಖ್ಯೆ ಇಲ್ಲದ ಟೈಪ್) ಆದ್ದರಿಂದ ಭಾರೀ ಅಂಕಿಯಾಗಿ ಕೂರುತ್ತದೆ. ಆಮೇಲೆ ಯಾವ ಅಡ್ರೆಸ್ ಕೊಟ್ಟರೂ ಸೈ. ಇದೇನೂ ನನ್ನ ಉಪಾಯವಲ್ಲ: 2022ರಲ್ಲಿ ಲಿನಕ್ಸ್ 5.18ಕ್ಕೆ ಬಂದ, ಹಲವು ಆರ್ಕಿಟೆಕ್ಚರ್‌ಗಳಿಗೆ (ಪ್ರೊಸೆಸರ್ ಬಗೆಗಳಿಗೆ) ಸಾಮಾನ್ಯವಾದ ಆಕ್ಸೆಸ್_ಓಕೆ (ಕೊಟ್ಟ ಅಡ್ರೆಸ್ ಯೂಸರ್ ಜಾಗದಲ್ಲೇ ಇದೆಯಾ ಅಂತ ನೋಡುವ ಫಂಕ್ಷನ್) ಮಾಡುವುದು ಇದೇ ಲೆಕ್ಕ. ಎಂಐಟಿಯ ಪಾಠದ ಕರ್ನಲ್ ಎಕ್ಸ್‌ವಿ6ನಲ್ಲಿ ಫೆಚ್‌ಅಡ್ರ್ ಫಂಕ್ಷನ್ ಆರಂಭವನ್ನೂ ಕೊನೆಯನ್ನೂ ಬೇರೆಬೇರೆಯಾಗಿ ಮಿತಿಗೆ ಹೋಲಿಸುತ್ತದೆ, ಓವರ್‌ಫ್ಲೋ ಆಗಬಹುದಾದ್ದರಿಂದ ಎರಡೂ ಬೇಕು ಅಂತ ಪಕ್ಕದಲ್ಲೇ ಕಾಮೆಂಟ್ ಇದೆ. ಹೊಸಬರಿಗೆ ನಾನು ಮೊದಲು ತೋರಿಸುವುದು ಆ ಕೋಡನ್ನೇ. ಅಲ್ಲಿ ಉದ್ದ ಬರೀ 8 ಬೈಟ್ ಆದ್ದರಿಂದ ಅಷ್ಟೇ ಸಾಕು. ಉದ್ದವನ್ನೂ ಯೂಸರೇ ಕೊಡುವ ಕಡೆ ಸಾಲದು.

ಮೊತ್ತವೇ ಮುಂದಿನ ಕೆಲಸಕ್ಕೆ ಬೇಕಿದ್ದರೆ ಕೂಡಿ, ಮೊತ್ತ ಹಿಡಿಸದಿದ್ದರೆ ತಿಳಿಸುವ ಚೆಕ್_ಆ್ಯಡ್_ಓವರ್‌ಫ್ಲೋ ಬಳಸಿ. ಮೊತ್ತ ಆರಂಭಕ್ಕಿಂತ ಚಿಕ್ಕದಾಯಿತಾ ಅಂತ ನೋಡುವ ಹಳೇ ವರಸೆ ಅನ್‌ಸೈನ್ಡ್ ಸಂಖ್ಯೆಗೆ ಸರಿ. ಸೈನ್ಡ್ ಆದರೆ, ಓವರ್‌ಫ್ಲೋ ಆಗುವುದೇ ಇಲ್ಲ ಅಂದುಕೊಂಡು ಚೆಕ್ಕನ್ನೇ ತೆಗೆದುಹಾಕುವ ಹಕ್ಕು ಸಿ ಕಂಪೈಲರಿಗೆ ಇದೆ. ಲಿನಕ್ಸ್ ಬಿಲ್ಡ್‌ನಲ್ಲಿ ಅದನ್ನು ತಡೆಯುವ ಆಪ್ಷನ್ ಇದೆ ನಿಜ, ಆದರೆ ಅದೇ ಕೋಡನ್ನು ನಾಳೆ ಯಾರೋ ಆ ಆಪ್ಷನ್ ಇಲ್ಲದ ಬೂಟ್‌ಲೋಡರಿಗೆ ಕಾಪಿ ಮಾಡುತ್ತಾರೆ. ಉದ್ದವನ್ನು ಇಂಟ್ (ಸೈನ್ಡ್ ಟೈಪ್) ಅಂತ ಘೋಷಿಸಿದ್ದರೆ ಅದನ್ನೂ ಈಗಲೇ ಬದಲಿಸಿ. ಮಿತಿಯೂ ಸೈನ್ಡ್ ಆಗಿದ್ದು −1 ಬಂದರೆ "ಮಿತಿಗಿಂತ ದೊಡ್ಡದಾ" ಎಂಬ ಪ್ರಶ್ನೆಗೆ ಅಲ್ಲ ಎಂಬ ಉತ್ತರ ಸಿಗುತ್ತದೆ, ಕಾಪಿ ಮಾಡುವ ಹೊತ್ತಿಗೆ ಅದೇ −1 ಬೆಟ್ಟದಷ್ಟಾಗಿರುತ್ತದೆ.

ಡಿವೈಸ್ ಮೆಮೊರಿಯ ಕಿಂಡಿ ಸೊನ್ನೆಯಿಂದ ಶುರುವಾಗದೆ ಯಾವುದೋ ಬೇಸ್‌ನಿಂದ ಶುರುವಾಗುತ್ತಿದ್ದರೆ, ಆರಂಭ ಬೇಸ್‌ಗಿಂತ ಕಡಿಮೆ ಇಲ್ಲ ಅಂತ ಖಚಿತಪಡಿಸಿಕೊಂಡು, ಬೇಸನ್ನು ಕಳೆದು ಆಫ್‌ಸೆಟ್ ಮಾಡಿಕೊಳ್ಳಿ. ಮಿತಿ ಆಗ ಕಿಂಡಿಯ ಗಾತ್ರ. ಸೂತ್ರ ಬದಲಾಗುವುದಿಲ್ಲ.

ಇನ್ನು ಕೊನೆಯ ಬೈಟ್ ಯಾರದ್ದು ಅನ್ನುವ ಜಗಳ. ಸೈಟಿನ ಪತ್ರದ ಚಕ್ಕುಬಂದಿಯಲ್ಲಿ ಪಕ್ಕದ ಗೋಡೆ ನಮ್ಮದೋ ಅವರದೋ ಅಂತ ಬರೆಯದೆ ಬಿಟ್ಟರೆ ಆಗುವಂಥದ್ದೇ. ಲಿನಕ್ಸ್‌ನೊಳಗೇ ಎರಡು ರೂಢಿ ಇವೆ. ಪ್ರೋಸೆಸ್‌ನ ಮೆಮೊರಿ ಪ್ರದೇಶ ಹೇಳುವ ವಿಎಂ_ಎಂಡ್ ಆ ಪ್ರದೇಶಕ್ಕೆ ಸೇರಿದ್ದಲ್ಲ, ಅದರ ಮುಂದಿನ ಬೈಟ್. ಹಾರ್ಡ್‌ವೇರ್ ಕಿಂಡಿ ಹೇಳುವ ರಿಸೋರ್ಸ್ ಸ್ಟ್ರಕ್ಟ್‌ನ ಎಂಡ್ ಮಾತ್ರ ಒಳಗಿನದ್ದೇ, ಕೊನೆಯ ಬೈಟ್. ಅಲ್ಲಿ ಎಂಡ್‌ನಿಂದ ಸ್ಟಾರ್ಟ್ ಕಳೆದರೆ ಗಾತ್ರ ಒಂದು ಕಮ್ಮಿ. ಕೈಯಲ್ಲಿ ಕಳೆಯಲೇಬೇಡಿ, ರಿಸೋರ್ಸ್_ಸೈಜ್ ಅದಕ್ಕಾಗಿಯೇ ಇದೆ.

ಎಂಮ್ಯಾಪ್ (ಡಿವೈಸ್ ಮೆಮೊರಿಯನ್ನು ಪ್ರೋಗ್ರಾಂನ ಅಡ್ರೆಸ್ ಜಾಗಕ್ಕೆ ಜೋಡಿಸುವ) ಹ್ಯಾಂಡ್ಲರ್‌ನಲ್ಲಿ ಇನ್ನೊಂದು ಹಳ್ಳ. ಯೂಸರ್ ಕೊಟ್ಟ ಆಫ್‌ಸೆಟ್ ವಿಎಂ_ಪಿಜಿಆಫ್‌ನಲ್ಲಿ ಬರುವುದು ಪುಟಗಳ (ಸಾಮಾನ್ಯವಾಗಿ 4,096 ಬೈಟಿನ ತುಂಡುಗಳ) ಲೆಕ್ಕದಲ್ಲಿ. ಅದನ್ನು ಬೈಟ್ ಮಾಡಲು 12 ಬಿಟ್ ಎಡಕ್ಕೆ ಸರಿಸಿದ ಕೂಡಲೇ 32 ಬಿಟ್‌ನಲ್ಲಿ ಮೇಲಿನ 12 ಬಿಟ್ ಸದ್ದಿಲ್ಲದೆ ಹೋಗುತ್ತವೆ, ಆಮೇಲೆ ಎಂಥ ಚೆಕ್ ಹಾಕಿದರೂ ಅದು ಬೇರೆ ಅಂಕಿಯ ಚೆಕ್. ಹೋಲಿಕೆಯನ್ನು ಪುಟಗಳಲ್ಲೇ ಮಾಡಿ. ಇನ್ನೂ ಒಳ್ಳೆಯದೆಂದರೆ ಈ ಚೆಕ್ಕನ್ನೂ ಜೋಡಣೆಯನ್ನೂ ತಾನೇ ಮಾಡುವ, 2013ರಲ್ಲಿ ಬಂದ ವಿಎಂ_ಐಓಮ್ಯಾಪ್_ಮೆಮೊರಿಗೆ ಕೆಲಸ ಒಪ್ಪಿಸಿ ನಿಮ್ಮ ಚೆಕ್ಕನ್ನು ಅಳಿಸಿಬಿಡಿ. ನನ್ನ ಕೇಳಿದರೆ ಸಾಲು ಕಡಿಮೆಯಾಗುವ ಪ್ಯಾಚೇ ಒಳ್ಳೆಯ ಪ್ಯಾಚ್. ಹಳೇ ಇಫ್ ಮೇಲೆ ಹೊಸ ಇಫ್ ಪೇರಿಸಿ ತಂದರೆ ನಾನಂತೂ ವಾಪಸ್ ಕಳಿಸುತ್ತೇನೆ.

ಚೆಕ್ ತಪ್ಪಾಗಿರುವುದು ಒಂದು ಬಗೆ, ಚೆಕ್ಕೇ ಇಲ್ಲದಿರುವುದು ಇನ್ನೊಂದು. 2017ರಲ್ಲಿ ಲಿನಕ್ಸ್ 4.13ರ ವೇಟ್‌ಐಡಿ ಸಿಸ್ಟಂ ಕಾಲ್‌ನಲ್ಲಿ (ಸಿಸ್ಟಂ ಕಾಲ್ ಅಂದರೆ ಪ್ರೋಗ್ರಾಂ ಕರ್ನಲನ್ನು ಕೆಲಸ ಕೇಳುವ ದಾರಿ) ಆದದ್ದು ಇದೇ. ವೇಗಕ್ಕೆಂದು, ಚೆಕ್ ಮಾಡದೆ ಯೂಸರ್ ಮೆಮೊರಿಗೆ ಬರೆಯುವ ಅನ್‌ಸೇಫ್_ಪುಟ್_ಯೂಸರ್‌ಗೆ ಬದಲಿಸಿದಾಗ ಆಕ್ಸೆಸ್_ಓಕೆ ಬಿಟ್ಟುಹೋಯಿತು, ಯಾವ ಸವಲತ್ತೂ ಇಲ್ಲದ ಪ್ರೋಗ್ರಾಂ ಕರ್ನಲ್ ಅಡ್ರೆಸ್ ಕೊಟ್ಟು ಅಲ್ಲಿ ಬರೆಸಬಹುದಾಯಿತು. ಭದ್ರತಾ ತೂತುಗಳ ಪಟ್ಟಿಯಲ್ಲಿ ಸಿವಿಇ 2017-5123 ಅಂತ ಅದಕ್ಕೆ ನಂಬರ್ ಬಿತ್ತು. ವೇಟ್‌ಐಡಿಯಲ್ಲಿ ಚೆಕ್ ಸೇರಿಸಿ ತೂತು ಮುಚ್ಚಿದರು ಸರಿ, ನನಗೆ ಮೆಚ್ಚುಗೆಯಾದದ್ದು 5.0ರಲ್ಲಿ ಮಾಡಿದ ಬದಲಾವಣೆ: ಅನ್‌ಸೇಫ್ ಬಗೆಯ ಬರಹಕ್ಕೆ ಮೊದಲು ಕರೆಯಬೇಕಾದ ಯೂಸರ್_ಆಕ್ಸೆಸ್_ಬಿಗಿನ್ ತಾನೇ ಆಕ್ಸೆಸ್_ಓಕೆ ಕರೆಯುವಂತೆ ಮಾಡಿದರು. ಮರೆಯೋಕೆ ಅವಕಾಶವೇ ಇಲ್ಲ. ನಿಮ್ಮ ಡ್ರೈವರ್‌ನಲ್ಲೂ ಒಂದೇ ಥರದ ಚೆಕ್ ನಾಲ್ಕು ಕಡೆ ಕಂಡರೆ ಒಂದು ಫಂಕ್ಷನ್ ಮಾಡಿ, ಡೇಟಾ ಮುಟ್ಟುವ ದಾರಿಯೇ ಅದರ ಮೂಲಕ ಹೋಗಲಿ.

ಚೆಕ್ ಮಾಡಿದ ಅಂಕಿ, ಬಳಸುವ ಅಂಕಿ ಒಂದೇ ಆಗಿರಬೇಕು. ಯೂಸರ್ ಮೆಮೊರಿಯಿಂದ ಉದ್ದ ಓದಿ, ಚೆಕ್ ಮಾಡಿ, ಆಮೇಲೆ ಇಡೀ ಸ್ಟ್ರಕ್ಟನ್ನು ಮತ್ತೆ ಅಲ್ಲಿಂದಲೇ ತಂದರೆ, ನಡುವೆ ಇನ್ನೊಂದು ಥ್ರೆಡ್ ಉದ್ದವನ್ನು ಬದಲಿಸಿರಬಹುದು. ಒಮ್ಮೆ ಕಾಪಿ ಮಾಡಿ, ಆ ಕಾಪಿಯನ್ನೇ ನಂಬಿ. ಹೊರಗಿನಿಂದ ಬಂದ ಅಂಕಿಯನ್ನು ಅರೇ ಇಂಡೆಕ್ಸ್ ಆಗಿ ಬಳಸುತ್ತಿದ್ದರೆ ಚೆಕ್ ಆದ ಮೇಲೆ ಅರೇ_ಇಂಡೆಕ್ಸ್_ನೋಸ್ಪೆಕ್ ಕೂಡ ಹಾಕಿ. 2018ರ ಸ್ಪೆಕ್ಟರ್ (ಚೆಕ್ ಮುಗಿಯುವ ಮೊದಲೇ ಪ್ರೊಸೆಸರ್ ಊಹೆಯ ಮೇಲೆ ಮುಂದಿನ ಕೋಡ್ ಓಡಿಸುವುದನ್ನು ಬಳಸಿಕೊಳ್ಳುವ ದಾಳಿ) ನಂತರ ಅದಿಲ್ಲದೆ ಆಗದು.

ಮಿತಿ ಯಾವುದು ಅಂತ ನೀವೇ ಲೆಕ್ಕ ಹಾಕಬೇಡಿ. ಎಕ್ಸ್86ರ 64 ಬಿಟ್‌ನಲ್ಲಿ ನಾಲ್ಕು ಹಂತದ ಪೇಜ್ ಟೇಬಲ್ (ಅಡ್ರೆಸ್ ಅನುವಾದಿಸುವ ಪಟ್ಟಿ) ಇದ್ದಾಗ ಯೂಸರ್ ಜಾಗ 47 ಬಿಟ್‌ನಷ್ಟು, ಅದರಲ್ಲಿ ಒಂದು ಪುಟ ಕಡಿಮೆ. ಆ ಪುಟ ಬಿಟ್ಟದ್ದು ಇಂಟೆಲ್ ಪ್ರೊಸೆಸರ್‌ಗಳ ಸಿಸ್‌ರೆಟ್ (ಕರ್ನಲ್‌ನಿಂದ ಪ್ರೋಗ್ರಾಂಗೆ ಮರಳುವ) ಇನ್‌ಸ್ಟ್ರಕ್ಷನ್‌ನ ಒಂದು ವರ್ತನೆಯಿಂದಾಗಿ. ಕರ್ನಲ್‌ನದೇ ಟಾಸ್ಕ್_ಸೈಜ್_ಮ್ಯಾಕ್ಸ್ ಇದನ್ನೆಲ್ಲ ಬಲ್ಲದು, 47 ಅಂತ ಕೈಯಲ್ಲಿ ಬರೆದ ಕೋಡಿಗೆ ಗೊತ್ತಿರುವುದಿಲ್ಲ.

ಟೆಸ್ಟ್‌ಗೆ ಕರ್ನಲ್‌ನದೇ ಟೆಸ್ಟ್ ಚೌಕಟ್ಟು ಕೆಯೂನಿಟ್ ಸಾಕು, ಬೋರ್ಡ್ ಬೇಕಾಗಿಲ್ಲ. ಚೆಕ್ ಬೇರೆ ಫಂಕ್ಷನ್ ಆಗಿದ್ದರೆ ಇದು ಸಲೀಸು. ಆರಂಭಕ್ಕೂ ಉದ್ದಕ್ಕೂ 0, 1, ಮಿತಿಗಿಂತ ಒಂದು ಕಡಿಮೆ, ಮಿತಿ, ಮಿತಿಗಿಂತ ಒಂದು ಹೆಚ್ಚು, ಆ ಟೈಪ್‌ನ ಗರಿಷ್ಠ ಅಂಕಿ: ಎಲ್ಲ ಜೋಡಿಗಳನ್ನೂ ಓಡಿಸಿ. ಉದ್ದ ಸೊನ್ನೆ, ಆರಂಭ ಸರಿಯಾಗಿ ಮಿತಿಯ ಮೇಲೆ ಇದ್ದರೆ ಮೇಲಿನ ಸೂತ್ರ ಒಪ್ಪುತ್ತದೆ. ನಿಮ್ಮ ಡ್ರೈವರಿಗೆ ಅದು ಬೇಕೋ ಬೇಡವೋ ನಿರ್ಧರಿಸಿ ಟೆಸ್ಟ್‌ನಲ್ಲೇ ಬರೆದಿಡಿ. 64 ಬಿಟ್ ಕರ್ನಲ್ ಮೇಲೆ 32 ಬಿಟ್ ಪ್ರೋಗ್ರಾಂ ಕೂಡ ಓಡಿಸಿ ನೋಡಿ, ಐಆಕ್ಟಲ್‌ನ (ಡ್ರೈವರಿಗೆ ಆಜ್ಞೆ ಕಳಿಸುವ ಸಿಸ್ಟಂ ಕಾಲ್‌ನ) ಕಂಪ್ಯಾಟ್ ದಾರಿಯಲ್ಲಿ, ಅಂದರೆ 32 ಬಿಟ್ ಪ್ರೋಗ್ರಾಂಗಳಿಗಿರುವ ದಾರಿಯಲ್ಲಿ, ಚೆಕ್ ಎಷ್ಟೋ ಸಲ ಬೇರೆಯೇ ಇರುತ್ತದೆ.

ಪ್ಯಾಚ್ ಕಳಿಸುವಾಗ "ಬೌಂಡ್ಸ್ ಚೆಕ್ ಸರಿಪಡಿಸಿದೆ" ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಯಾವ ಆರಂಭ, ಯಾವ ಉದ್ದ ಕೊಟ್ಟರೆ ಹಳೇ ಚೆಕ್ ಸೋಲುತ್ತದೆ ಅಂತ ಅಂಕಿ ಸಮೇತ ಬರೆಯಿರಿ, ತಪ್ಪು ಹೊಕ್ಕ ಕಮಿಟ್ಟನ್ನು (ಕೋಡ್ ಬದಲಾವಣೆಯನ್ನು) ಫಿಕ್ಸಸ್ ಟ್ಯಾಗ್‌ನಲ್ಲಿ ಹೆಸರಿಸಿ, ಸ್ಟೇಬಲ್ ಶಾಖೆಗೂ ಪ್ರತಿ ಹಾಕಿ. ಹೊರಗಿನವನು ನಿಜಕ್ಕೂ ದುರ್ಬಳಕೆ ಮಾಡಬಹುದಾದ ತೂತು ಅನಿಸಿದರೆ ಮಾತ್ರ ಸಾರ್ವಜನಿಕವಾಗಿ ಕಳಿಸುವ ಮೊದಲು ಕರ್ನಲ್‌ನ ಸೆಕ್ಯೂರಿಟಿ ತಂಡಕ್ಕೆ ಖಾಸಗಿಯಾಗಿ ತಿಳಿಸಿ.