ಹಳೇ ಬ್ಲಾಕು, ಕೆ-ರಾಸ್ ಮತ್ತು ಎಡ-ಬಲದ ತಲೆನೋವು: ನನ್ನ ಅನುಭವ

"ಆ ಬ್ಲಾಕುಗಳಲ್ಲಿ ಡಿಎನ್‌ಎ ಎಲ್ಲಿ ಉಳಿದಿರುತ್ತೆ ಮಾರಾಯ್ರೇ, ಬರೀ ಮೇಣ" ಎಂದಿದ್ದರು ನಮ್ಮ ಆಂಕಾಲಜಿ (ಕ್ಯಾನ್ಸರ್ ವಿಭಾಗ) ಸರ್. ಬ್ಲಾಕು ಅಂದರೆ ಫಾರ್ಮಲಿನ್‌ನಲ್ಲಿ ಇಟ್ಟು, ಆಮೇಲೆ ಮೇಣದಲ್ಲಿ ಹುದುಗಿಸಿದ ಗಡ್ಡೆಯ ತುಂಡು. ಅವರದೂ ತಪ್ಪಲ್ಲ. ಹೊರಗಿನ ಲ್ಯಾಬೊಂದಕ್ಕೆ 6 ಸ್ಯಾಂಪಲ್ ಕಳಿಸಿದ್ದೆವು, 4 ವಾಪಸ್ ಬಂದವು, "ಡಿಎನ್‌ಎ ಸಾಲದು" ಅಂತ. ದುಡ್ಡು ಮಾತ್ರ ವಾಪಸ್ ಬರಲಿಲ್ಲ. ಮೊನ್ನೆ ಅದೇ ಸರ್ ಎರಡು ಹಳೇ ಬ್ಲಾಕು ಹಿಡಿದುಕೊಂಡು ತಾವೇ ನಮ್ಮ ಲ್ಯಾಬಿಗೆ ಬಂದರು. ಹಾಗಾಗಿ ಬರೆಯುವ ಧೈರ್ಯ ಬಂತು.

ದೊಡ್ಡ ಕರುಳಿನ ಕ್ಯಾನ್ಸರ್‌ನ 61 ಬ್ಲಾಕುಗಳು. ಕೆ-ರಾಸ್, ಬಿ-ರಾಫ್ ಜೀನ್‌ಗಳಲ್ಲಿ ಮ್ಯುಟೇಶನ್ (ಬದಲಾವಣೆ) ಇದೆಯಾ ನೋಡಬೇಕು, ಗಡ್ಡೆ ಬಲಗಡೆಯದೋ ಎಡಗಡೆಯದೋ ಪಕ್ಕದಲ್ಲಿ ಬರೆಯಬೇಕು. ರಾಸ್ ಕೆಟ್ಟಿದ್ದರೆ ಸೆಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧ ಸಾಮಾನ್ಯವಾಗಿ ದಂಡ. ಬಲಗಡೆಯದಾದರೆ ರಾಸ್ ಸರಿ ಇದ್ದರೂ ಶುರುವಿಗೇ ಅದನ್ನು ಕೊಟ್ಟು ಹೆಚ್ಚು ಲಾಭ ಕಾಣುವುದಿಲ್ಲ. ಒಂದಿಲ್ಲದೆ ಇನ್ನೊಂದು ಅರ್ಧ ರಿಪೋರ್ಟು.

ಮೊದಲ 20 ಬ್ಲಾಕುಗಳಲ್ಲಿ 14 ಫೇಲು. ಬೇಕಾದ ತುಣುಕನ್ನು ನಕಲು ಮಾಡಿ (ಪಿಸಿಆರ್) ಜೆಲ್ ಮೇಲೆ ಓಡಿಸಿದರೆ ಬ್ಯಾಂಡೇ ಇಲ್ಲ. ನಮ್ಮಲ್ಲಿ ಹಿಂದೆ ಫಾರ್ಮಲಿನ್‌ಗೆ ಆಮ್ಲ ಏರದಂತೆ ತಡೆಯುವ ಬಫರ್ ಹಾಕುತ್ತಿರಲಿಲ್ಲ, ಶನಿವಾರ ಬಂದ ಸ್ಪೆಸಿಮನ್ ಸೋಮವಾರದವರೆಗೆ ಹಾಗೇ ಬಿದ್ದಿರುತ್ತಿತ್ತು. ಡಿಎನ್‌ಎ ನುಚ್ಚುನೂರು. ನಾನು 250 ಬೇಸ್ (ಡಿಎನ್‌ಎ ಅಕ್ಷರ) ಉದ್ದದ ತುಣುಕು ಹಿಡಿಯಲು ಹೊರಟಿದ್ದೆ, ದಡ್ಡತನ. 110ಕ್ಕಿಂತ ಕೆಳಗಿಳಿಸಿದ ಮೇಲೆ ಬ್ಯಾಂಡು ಬಂತು. ಆದರೆ ಸೀಕ್ವೆನ್ಸಿಂಗ್‌ನಲ್ಲಿ (ಆ ಅಕ್ಷರಗಳನ್ನು ಓದುವಾಗ) ಮೊದಲ 30-40 ಬೇಸ್ ಕಸ, ಕೆ-ರಾಸ್ ಹೆಚ್ಚಾಗಿ ಕೆಡುವ ಜಾಗವಾದ ಕೋಡಾನ್ 12 ಆ ಕಸದೊಳಗೇ ಕೂತಿತ್ತು! ಪ್ರೈಮರ್‌ಗೆ (ನಕಲು ಶುರುವಾಗುವ ಸಣ್ಣ ಡಿಎನ್‌ಎ ತುಂಡು) ಎಂ13 ಎಂಬ ಹೆಚ್ಚುವರಿ ಬಾಲ ಕಟ್ಟಿ, ಕಸ ಆ ಬಾಲದಲ್ಲೇ ಮುಗಿಯುವಂತೆ ಸರಿ ಮಾಡಿದೆ. ಪ್ರೈಮರ್ ಎಲ್ಲಿ ಕೂರಿಸಿದೆ ಎಂದು ಮಾತ್ರ ಕೇಳಬೇಡಿ, ಎರಡು ತಿಂಗಳು ತಿಂದಿದೆ ಅದು. ಪ್ರೋಟೀನ್ ಕರಗಿಸುವ ಪ್ರೋಟಿನೇಸ್-ಕೆ ರಾತ್ರಿಯಿಡೀ 56 ಡಿಗ್ರಿ, ಆಮೇಲೆ 90ಕ್ಕೆ ಒಂದು ಗಂಟೆ, ಇದು ಎಲ್ಲರೂ ಮಾಡುವುದೇ. ನಡುವೆ ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ಖರ್ಚು? ಕಿಟ್‌ಗೆ ಕೊಟೇಶನ್ ಕೇಳಿದರೆ 80 ಸಾವಿರದ ಮೇಲೆ ಹೇಳಿದರು. ನಾನು ಪ್ರೈಮರ್, ಎನ್‌ಜೈಮ್, ಹೊರಗಡೆ ಸೀಕ್ವೆನ್ಸಿಂಗ್ ಎಲ್ಲ ಸೇರಿಸಿ ಸುಮಾರು 45 ಸಾವಿರದಲ್ಲಿ ಮುಗಿಸಿದೆ. ಅದರಲ್ಲಿ 12 ಸಾವಿರ ಫೇಲಾದದ್ದಕ್ಕೇ ಹೋಯಿತು.

ಮೇಣ ತೆಗೆಯಲು ಬಳಸುವ ಝೈಲಿನ್ ದ್ರವದ ವಾಸನೆ ತಡೆಯದೆ ಒಂದು ವಾರ ಲಿಕ್ವಿಡ್ ಪ್ಯಾರಾಫಿನ್ ಬಳಸಿ ನೋಡಿದೆ. ಮಲಬದ್ಧತೆಗೆ ಕುಡಿಯಲು ಮೆಡಿಕಲ್ ಶಾಪ್‌ನಲ್ಲಿ ಕೊಡುತ್ತಾರಲ್ಲ, ಅದೇ. ಬಿಸಿ ಮಾಡಿದರೆ ಮೇಣ ಚೆನ್ನಾಗಿ ಕರಗಿತು, ಡಿಎನ್‌ಎಯೂ ಬಂತು. ಕರುಳಿನ ಔಷಧ ಕರುಳಿನ ಬ್ಲಾಕಿಗೆ! ಮೇಲಿನ ಎಣ್ಣೆ ಬಿಟ್ಟು ಕೆಳಗಿನದನ್ನಷ್ಟೇ ಪಿಪೆಟ್ಟಲ್ಲಿ ಎಳೆಯುವ ಕಾಟಕ್ಕೆ ಬೇಸತ್ತು ಝೈಲಿನ್‌ಗೇ ಮರಳಿದೆ.

ಒಂದು ಸ್ಯಾಂಪಲ್ಲಿನಲ್ಲಿ ಜಿ12ಡಿ (ಕೋಡಾನ್ 12ರ ಒಂದು ಮ್ಯುಟೇಶನ್) ಬಂದಾಗ ಕುಣಿದಾಡಿದ್ದೆ. ಬ್ಲಾಕಿನಿಂದ ಇನ್ನೊಮ್ಮೆ ಡಿಎನ್‌ಎ ತೆಗೆದು ನೋಡಿದರೆ ಮಾಯ. ಫಾರ್ಮಲಿನ್ ಆಟ ಅದು. ಸಿ ಜಾಗದಲ್ಲಿ ಟಿ, ಆ ಕಡೆ ಎಳೆಯಲ್ಲಿ ಜಿ ಜಾಗದಲ್ಲಿ ಎ, ಹೀಗೆ ಸುಳ್ಳು ಬದಲಾವಣೆ ಹುಟ್ಟಿಸುತ್ತದೆ. ಜಿ12ಡಿ ಥೇಟ್ ಇದೇ ಜಾತಿಯದು. ಅವತ್ತಿನಿಂದ ಎರಡು ಸಲ ಬೇರೆ ಬೇರೆ ತೆಗೆದು, ಎರಡರಲ್ಲೂ ಬಂದರೆ ಮಾತ್ರ ಬರೆಯುತ್ತೇನೆ. ಬಿ-ರಾಫ್‌ನ ವಿ600ಇ ಮ್ಯುಟೇಶನ್ ವಿಷಯದಲ್ಲಿ ಈ ಭಯ ಕಡಿಮೆ, ಅಲ್ಲಿ ಟಿ ಹೋಗಿ ಎ ಬರುವುದು. ರೆಕ್ಟಮ್ (ಗುದನಾಳ) ಕೇಸಿಗೆ ಆಪರೇಶನ್ ಬ್ಲಾಕು ಹುಡುಕಬೇಡಿ, ಆಪರೇಶನ್‌ಗೆ ಮುಂಚೆ ರೇಡಿಯೇಶನ್ ಆಗಿದ್ದರೆ ಎಷ್ಟೋ ಸಲ ಗಡ್ಡೆಯ ಕೋಶಗಳೇ ಸಿಗುವುದಿಲ್ಲ. ಮೊದಲಿನ ಬಯಾಪ್ಸಿಯೇ ವಾಸಿ.

ನಿಜವಾದ ಗೋಳು ಮ್ಯುಟೇಶನ್ ಅಲ್ಲ, ಜಾಗ. ಫಾರಂನಲ್ಲಿ "ಕೋಲನ್" ಎಂದಷ್ಟೇ ಬರೆದಿರುತ್ತಾರೆ. ಒಂದರಲ್ಲಿ "60 ಸೆಂ.ಮೀ." ಇತ್ತು (ಕೊಲನೋಸ್ಕೋಪಿಯಲ್ಲಿ ಗುದದ್ವಾರದಿಂದ ಅಳೆದ ದೂರ), ಬಲಗಡೆ ಎಂದು ಸೇರಿಸಿಬಿಟ್ಟೆ. ಆಪರೇಶನ್ ನೋಟ್ಸ್ ತೆಗೆದರೆ ಎಡಗಡೆ. ಒಳಗೆ ಸ್ಕೋಪು ಸುರುಳಿ ಸುತ್ತಿಕೊಂಡರೆ ಆ ಸೆಂಟಿಮೀಟರಿಗೆ ಅರ್ಥವೇ ಇಲ್ಲ. ಕೊನೆಗೆ ಗ್ರಾಸಿಂಗ್ ರಿಜಿಸ್ಟರ್ (ಆಪರೇಶನ್‌ನಿಂದ ಬಂದ ತುಂಡನ್ನು ಕಣ್ಣಲ್ಲಿ ನೋಡಿ ಬರೆದಿಡುವ ಪುಸ್ತಕ) ಕೈಹಿಡಿಯಿತು. ಸ್ಪೆಸಿಮನ್ ಜೊತೆ ಅಪೆಂಡಿಕ್ಸ್, ಇಲಿಯಮ್ (ಸಣ್ಣ ಕರುಳಿನ ಕೊನೆ) ಬಂದಿದ್ದರೆ ಅದು ಬಲಗಡೆಯ ಆಪರೇಶನ್. ಧೂಳು ಕುಡಿದು ಎಂಟು ವರ್ಷದ ರಿಜಿಸ್ಟರ್ ಓದಿದೆ, ನಮ್ಮ ಅಟೆಂಡರ್ ಅಣ್ಣನಿಗೆ ನನ್ನ ತಲೆ ಕೆಟ್ಟಿದೆ ಎಂದೇ ಖಾತ್ರಿಯಾಗಿತ್ತು.

ಕೊನೆಗೆ 50-52 ಬ್ಲಾಕು ಓದಲು ಬಂದವು. ಇಪ್ಪತ್ತರ ಹತ್ತಿರ ಕೆ-ರಾಸ್ ಕೆಟ್ಟಿದ್ದವು. ಬಿ-ರಾಫ್ ಬರೀ 3, ಮೂರೂ ಬಲಗಡೆ, ಎರಡು ಲೋಳೆ ತುಂಬಿದ ಗಡ್ಡೆ. ಪುಸ್ತಕದಲ್ಲಿ ಇರುವುದೇ ಇದು, ಹೊಸದೇನಲ್ಲ. ಆದರೆ "ಬರೀ ಮೇಣ" ಎಂದ ಬ್ಲಾಕಿನಿಂದ ಬಂತಲ್ಲ! ಆ ಲೋಳೆ ಗಡ್ಡೆಗಳಲ್ಲಿ ಕೋಶ ತೀರಾ ಕಡಿಮೆ. ಎಚ್ ಅಂಡ್ ಇ (ಬಣ್ಣ ಹಾಕಿದ) ಸ್ಲೈಡಿನ ಮೇಲೆ ಪೆನ್ನಲ್ಲಿ ಗುರುತು ಮಾಡಿ, ಬ್ಲೇಡಿನಿಂದ ಅಷ್ಟೇ ಕೆರೆಯಬೇಕು. ಇಲ್ಲದಿದ್ದರೆ ನಾವು ಮಾಡಿಸುವ ಸ್ಯಾಂಗರ್ ಸೀಕ್ವೆನ್ಸಿಂಗ್‌ಗೆ ಏನೂ ಕಾಣಿಸುವುದಿಲ್ಲ.

ಈಗ "ಬಲ / ಎಡ / ರೆಕ್ಟಮ್" ಎಂದು ರಬ್ಬರ್ ಸ್ಟಾಂಪ್ ಮಾಡಿಸಿ ಪ್ರತಿ ಫಾರಂ ಮೇಲೂ ಒತ್ತುತ್ತಿದ್ದೇನೆ. 180 ರೂಪಾಯಿ, ಕೈಯಿಂದಲೇ ಹಾಕಿದ್ದು. ಅರ್ಧ ಜನ ಇನ್ನೂ ಟಿಕ್ ಮಾಡದೇ ಕಳಿಸುತ್ತಾರೆ.