ಬಿಸಿಲಿಗೆ ಜೇನು ಗೂಡು ಬಿಟ್ಟು ಹೋಗದಂತೆ ನೋಡಿಕೊಳ್ಳುವುದು ಹೇಗೆ?

ಯುಗಾದಿ ಮುಗಿದು ಬಿಸಿಲು ಏರಿದ ಕೂಡಲೇ ನನಗೆ ಬರುವ ಫೋನುಗಳೆಲ್ಲ ಒಂದೇ ತರಹ. "ಅಕ್ಕಾರ, ಹುಳಾ ಎಲ್ಲಾ ಹೊರಗ ಬಂದು ಕುಂತಾವ್ರಿ. ಬಿಟ್ಟು ಹೊಂಟಾವೇನ್ರಿ?" ಕೇಳುವವರು ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಹಿತ್ತಲಲ್ಲಿ ಒಂದೋ ಎರಡೋ ಪೆಟ್ಟಿಗೆ ಇಟ್ಟುಕೊಂಡವರು. ಅವರ ದನಿಯಲ್ಲಿ ಇರುವ ಗಾಬರಿ ನನಗೆ ಗೊತ್ತು. ಧಾರವಾಡದ ನಮ್ಮ ಮನೆಯ ಮಾವಿನ ಗಿಡದ ಕೆಳಗೆ ನಾಲ್ಕು ಪೆಟ್ಟಿಗೆ ಇವೆ. ಪ್ರತಿ ಬೇಸಿಗೆಯಲ್ಲೂ ಒಮ್ಮೆಯಾದರೂ ಆ ಗಾಬರಿ ನನಗೂ ಬರುತ್ತದೆ.

ನಾವು ಹವ್ಯಾಸಕ್ಕೆ ಸಾಕುವುದು ಹೆಚ್ಚಾಗಿ ತುಡುವೆ ಜೇನು, ನಮ್ಮ ನಾಡಿನದೇ ತಳಿ. ಅದರ ಸ್ವಭಾವ ಒಂದನ್ನು ಮೊದಲು ತಿಳಿದುಕೊಳ್ಳಬೇಕು. ಬಿಸಿಲು, ಹಸಿವು, ಇರುವೆ, ಮೇಣದ ಹುಳು, ಇವುಗಳಲ್ಲಿ ಯಾವುದಾದರೂ ಮಿತಿ ಮೀರಿದರೆ ತುಡುವೆ ಸಹಿಸಿಕೊಂಡು ಕೂರುವುದಿಲ್ಲ. ರಾಣಿ ಸಮೇತ ಇಡೀ ಕುಟುಂಬ ಎದ್ದು ಹೊರಟುಬಿಡುತ್ತದೆ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕೆಲಸ ಜೇನುತುಪ್ಪ ತೆಗೆಯುವುದಲ್ಲ, ಕುಟುಂಬ ಉಳಿಸಿಕೊಳ್ಳುವುದು. ಆ ಕೆಲಸದ ಬಹುಪಾಲು ಪೆಟ್ಟಿಗೆಯ ಹೊರಗೇ ಇದೆ.

ಮೊದಲು ನೆರಳು

ಗೂಡಿನ ಒಳಗೆ ಮರಿಗಳು ಬೆಳೆಯಲು 34-35 ಡಿಗ್ರಿ ಶಾಖ ಬೇಕು. ಅದಕ್ಕಿಂತ ಜಾಸ್ತಿಯಾದರೆ ನೊಣಗಳು ಹೂವಿನ ಕೆಲಸ ಬಿಟ್ಟು ನೀರು ತರುವುದಕ್ಕೆ, ರೆಕ್ಕೆ ಬೀಸುವುದಕ್ಕೆ ನಿಲ್ಲುತ್ತವೆ. ನೆರಳು ಕೊಟ್ಟರೆ ಅವುಗಳ ಅರ್ಧ ಕೆಲಸ ಉಳಿಯುತ್ತದೆ.

ಪೆಟ್ಟಿಗೆಯ ಬಾಗಿಲು ಪೂರ್ವಕ್ಕಿರಲಿ. ಎಳೆ ಬಿಸಿಲು ಬಿದ್ದರೆ ನೊಣಗಳು ಬೇಗ ಕೆಲಸಕ್ಕೆ ಹೊರಡುತ್ತವೆ. ತೊಂದರೆ ಕೊಡುವುದು ಮಧ್ಯಾಹ್ನ ಎರಡರ ನಂತರದ ಪಡುವಣ ಬಿಸಿಲು. ಗಿಡದ ನೆರಳಿದ್ದರೆ ಸರಿ, ಇಲ್ಲದಿದ್ದರೆ ನಾಲ್ಕು ಗಳ ನೆಟ್ಟು ಮೇಲೆ ಜೋಳದ ಕಣಿಕೆ ಹೊದಿಸಿ. ತಗಡಿಗಿಂತ ಕಣಿಕೆ ಎಷ್ಟೋ ಮೇಲು. ತಗಡೇ ಗತಿಯೆಂದರೆ ಅದನ್ನು ಪೆಟ್ಟಿಗೆಯ ಮುಚ್ಚಳಕ್ಕೆ ತಾಗಿಸಬೇಡಿ. ನಡುವೆ ಅರ್ಧ ಅಡಿಯಾದರೂ ಗಾಳಿ ಆಡಬೇಕು. ತಾರಸಿಯ ಮೇಲೆ ಪೆಟ್ಟಿಗೆ ಇಟ್ಟವರು ನೆಲದ ಕಾವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಂಜೆ ಏಳಕ್ಕೂ ತಾರಸಿ ಸುಡುತ್ತಿರುತ್ತದೆ, ಅಲ್ವಾ? ಎರಡು ಅಡಿ ಎತ್ತರದ ಸ್ಟ್ಯಾಂಡ್ ಬೇಕೇ ಬೇಕು.

ಮಧ್ಯಾಹ್ನ ಹನ್ನೊಂದರ ಹೊತ್ತಿಗೆ ಗೋಣಿ ತಟ್ಟನ್ನು ಒದ್ದೆ ಮಾಡಿ ಮುಚ್ಚಳದ ಮೇಲೆ ಹಾಸಿ. ನೀರು ತೊಟ್ಟಿಕ್ಕದ ಹಾಗೆ ಹಿಂಡಿ ಹಾಸಬೇಕು. ಬಾಗಿಲನ್ನಾಗಲಿ ಗಾಳಿಕಿಂಡಿಯನ್ನಾಗಲಿ ಅದು ಮುಚ್ಚಬಾರದು.

ಈಗ ಬಿಸಿಲಲ್ಲಿರುವ ಪೆಟ್ಟಿಗೆಯನ್ನು ನೆರಳಿಗೆ ತರಬೇಕೆ? ಒಮ್ಮೆಲೇ ಎತ್ತಿ ಹಿತ್ತಲಿನ ಆ ಮೂಲೆಗೆ ಇಡಬೇಡಿ. ಹೊರಗೆ ಹೋದ ನೊಣಗಳು ಹಳೆಯ ಜಾಗಕ್ಕೇ ಬಂದು, ಮನೆ ಕಾಣದೆ ಅಲ್ಲೇ ಸುತ್ತಿ ಸುತ್ತಿ ಸಾಯುತ್ತವೆ. ದಿನಕ್ಕೆ ಎರಡು ಅಡಿಯಂತೆ, ರಾತ್ರಿ ನೊಣಗಳೆಲ್ಲ ಒಳಗೆ ಸೇರಿದ ಮೇಲೆ ಸರಿಸುತ್ತಾ ಹೋಗಿ. ಇಪ್ಪತ್ತು ಅಡಿಗೆ ಹತ್ತು ದಿನ ಬೇಕು. ಅದಕ್ಕೇ ಈ ಕೆಲಸ ಮಾರ್ಚಿನಲ್ಲಿಯೇ ಶುರುವಾಗಬೇಕು.

ನೀರು ಇಡುವುದು

ಜೇನು ನೀರನ್ನು ಕುಡಿಯುವುದಕ್ಕಷ್ಟೇ ತರುವುದಿಲ್ಲ. ಹನಿಹನಿಯಾಗಿ ತಂದು ಎರಿಯ (ಮೇಣದ ಹಲ್ಲೆಯ) ಕಣಗಳ ಅಂಚಿಗೆ ಹಚ್ಚಿ, ಅದರ ಮೇಲೆ ಗಾಳಿ ಬೀಸಿ ಮನೆ ತಂಪು ಮಾಡುತ್ತವೆ. ಹರವಿಯ ನೀರು ತಣ್ಣಗಾಗುವ ಲೆಕ್ಕವೇ ಅದು.

ನೀವು ನೀರಿಡದಿದ್ದರೆ ಅವು ಪಕ್ಕದ ಮನೆಗೆ ಹೋಗುತ್ತವೆ. ನಮ್ಮ ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನಳದ ನೀರು ಬರುವುದೇ ಕೆಲವು ದಿನಕ್ಕೊಮ್ಮೆ. ಬಂದ ದಿನ ಬ್ಯಾರೆಲ್, ಕೊಡ, ಬಕೆಟ್ ಎಲ್ಲ ತುಂಬಿಟ್ಟಿರುತ್ತಾರೆ. ಅದರ ಅಂಚಿಗೆ ನೂರು ನೊಣ ಕೂತರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಪಕ್ಕದ ಮನೆಯ ತಾಯಿ ಒಂದು ಮುಂಜಾನೆ ಕಂಪೌಂಡಿನ ಆಚೆಯಿಂದ ಕೂಗಿದರು, "ಅಕ್ಕಾರ, ನಿಮ್ಮ ಹುಳಾ ನಮ್ಮ ಬಕೀಟಿನ್ಯಾಗ ಬಂದಾವ ನೋಡ್ರಿ, ಹುಡುಗೂರು ನೀರು ಮುಟ್ಟವಲ್ಲವು." ಅವರದೇನೂ ತಪ್ಪಿಲ್ಲ. ಜೇನು ಒಮ್ಮೆ ಒಂದು ಜಾಗದ ನೀರಿಗೆ ರೂಢಿಯಾದರೆ ಅದನ್ನು ಬಿಡಿಸುವುದು ಕಷ್ಟ. ಬಿಸಿಲು ಏರುವ ಮೊದಲೇ, ಫೆಬ್ರುವರಿ ಕೊನೆಗೆ, ನಿಮ್ಮ ಹಿತ್ತಲಿನ ನೀರಿನ ರೂಢಿ ಮಾಡಿಸಿ.

ಮಾಡುವುದು ಸುಲಭ. ಅಗಲವಾದ ಮಣ್ಣಿನ ಪರಿಯಾಣ ತೆಗೆದುಕೊಳ್ಳಿ. ಉರುಟು ಕಲ್ಲು, ಹೆಂಚಿನ ಚೂರು ತುಂಬಿ. ಕಲ್ಲಿನ ತಲೆ ನೀರಿನಿಂದ ಮೇಲೆ ಕಾಣಬೇಕು, ಅಷ್ಟೇ ನೀರು ಹಾಕಿ. ಕಲ್ಲಿಲ್ಲದ ಬೋಗೋಣಿಯಲ್ಲಿ ನೀರಿಟ್ಟರೆ ಸಂಜೆಯಾಗುವುದರಲ್ಲಿ ಹತ್ತಿಪ್ಪತ್ತು ನೊಣ ತೇಲುತ್ತಿರುತ್ತವೆ. ಪೆಟ್ಟಿಗೆಯಿಂದ ಹತ್ತು-ಹದಿನೈದು ಅಡಿ ದೂರ, ನೆರಳಲ್ಲಿರಲಿ. ಎರಡು ದಿನಕ್ಕೊಮ್ಮೆ ತೊಳೆದು ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ. ಮುಖ್ಯವಾದ ಮಾತು, ಒಂದು ದಿನವೂ ಒಣಗಲು ಬಿಡಬೇಡಿ. ಊರಿಗೆ ಹೋಗುವುದಿದ್ದರೆ ಪಕ್ಕದವರಿಗೆ ಹೇಳಿ ಹೋಗಿ. ನಾನು ಈಗ ಹೇಳುವುದು ಅದೇ ಬಕೆಟಿನ ತಾಯಿಗೆ.

ಕಬ್ಬಿನ ಹಾಲಿನ ಅಂಗಡಿಗಳು ಬೇಸಿಗೆಯಲ್ಲಿ ಜೇನಿಗೆ ಇನ್ನೊಂದು ಕಂಟಕ. ಸಿಪ್ಪೆಯ ಬುಟ್ಟಿಯಲ್ಲಿ, ಗಾಣದ ಕೆಳಗಿನ ಪಾತ್ರೆಯಲ್ಲಿ ಬಿದ್ದು ಸಾಯುತ್ತವೆ. ನಿಮ್ಮ ಓಣಿಯ ಅಂಗಡಿಯವರಿಗೆ ಪಾತ್ರೆಗೆ ತೆಳು ಬಟ್ಟೆ ಕಟ್ಟಲು ವಿನಂತಿಸಿ. ಗಿರಾಕಿಗಳಿಗೂ ಅದು ಒಳ್ಳೆಯದೇ.

ಬಾಗಿಲ ಬಳಿ ಕೂತು ನೋಡುವುದು

ನನಗೆ ಮೊದಲ ಕುಟುಂಬ ಕೊಟ್ಟವರು ಕಲಘಟಗಿ ಕಡೆಯ ಕಾಕಾ ಒಬ್ಬರು. ಪೆಟ್ಟಿಗೆ ಕೈಗಿಡುವಾಗ ಹೇಳಿದ್ದರು, "ತಂಗೀ, ಬ್ಯಾಸಗ್ಯಾಗ ಮುಚ್ಚಳ ತಗೀಬ್ಯಾಡ. ಬಾಗಲದಾಗ ಕುಂತು ನೋಡು, ಎಲ್ಲಾ ಅವ ಹೇಳ್ತಾವು." ಆಗ ನನಗೆ ಅದು ಅರ್ಥವಾಗಲಿಲ್ಲ. ಈಗ ದಿನಾ ಬೆಳಿಗ್ಗೆ ಚಹಾ ಹಿಡಿದು ಹತ್ತು ನಿಮಿಷ ಪೆಟ್ಟಿಗೆಯ ಪಕ್ಕ ಕೂರುತ್ತೇನೆ. ಎದುರಿಗಲ್ಲ, ಪಕ್ಕಕ್ಕೆ. ಎದುರು ಕೂತರೆ ಅವುಗಳ ಹಾದಿಗೆ ಅಡ್ಡವಾಗುತ್ತೇವೆ.

ಏನು ನೋಡಬೇಕು? ಮೊದಲು ಹಿಂಗಾಲು. ಹಳದಿ, ಕಿತ್ತಳೆ, ಬೂದು ಬಣ್ಣದ ಪರಾಗದ ಉಂಡೆ ಕಟ್ಟಿಕೊಂಡು ನೊಣಗಳು ಒಳಗೆ ಹೋಗುತ್ತಿದ್ದರೆ ಒಳಗೆ ಮರಿಗಳಿವೆ ಎಂದರ್ಥ. ಪರಾಗ ಮರಿಗಳ ಊಟ. ಮರಿ ಇರುವ ಮನೆಯನ್ನು ಜೇನು ಸುಲಭಕ್ಕೆ ಬಿಡುವುದಿಲ್ಲ.

ಆಮೇಲೆ ಗಾಳಿ ಬೀಸುವವರನ್ನು ನೋಡಿ. ಬಾಗಿಲ ಹಲಗೆಯ ಮೇಲೆ ಐದಾರು ನೊಣ ಸಾಲಾಗಿ ನಿಂತು, ಕಾಲೂರಿ, ರೆಕ್ಕೆ ಕಣ್ಣಿಗೆ ಕಾಣದಷ್ಟು ಜೋರಾಗಿ ಬೀಸುತ್ತಿರುತ್ತವೆ. ತುಡುವೆ ತಲೆ ಹೊರಗೆ ಹಾಕಿ, ಬೆನ್ನು ಬಾಗಿಲ ಕಡೆ ಮಾಡಿ ನಿಲ್ಲುತ್ತದೆ. ಹೊರಗಿನ ಗಾಳಿಯನ್ನು ಒಳಗೆ ನೂಕುತ್ತದೆ. ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನು ಇದರ ಉಲ್ಟಾ, ತಲೆ ಬಾಗಿಲ ಕಡೆ ಇಟ್ಟು ಒಳಗಿನ ಬಿಸಿ ಗಾಳಿಯನ್ನು ಹೊರಗೆಳೆಯುತ್ತದೆ. ಅಂಗೈಯನ್ನು ಮೆಲ್ಲಗೆ ಅವುಗಳ ಹತ್ತಿರ ತಂದರೆ ಆ ಗಾಳಿ ಚರ್ಮಕ್ಕೆ ತಾಗುತ್ತದೆ. ಅಷ್ಟು ಚಿಕ್ಕ ಜೀವ! ಮೊದಲ ಸಲ ಅದು ಕೈಗೆ ತಾಗಿದಾಗ ನಾನು ಬಹಳ ಹೊತ್ತು ಕೈ ತೆಗೆಯಲಿಲ್ಲ.

ಸಂಜೆ ಬಾಗಿಲ ಹೊರಗೆ ಗೊಂಚಲು ಕಟ್ಟಿ ತೂಗುವುದು ಗಾಬರಿಯ ಸಂಗತಿ ಅಲ್ಲ. ಒಳಗೆ ಸೆಕೆ, ಹೊರಗೆ ಬಂದು ಕೂತಿವೆ. ಬೇಸಿಗೆಯಲ್ಲಿ ನಾವು ಕಟ್ಟೆಗೆ ಬಂದು ಕೂರುವ ಹಾಗೆ. ಬೆಳಿಗ್ಗೆ ಒಳಗೆ ಹೋಗಿರುತ್ತವೆ. ಆದರೆ ಮೂರು ದಿನ ಪರಾಗ ಒಳಗೆ ಹೋಗಿಲ್ಲ, ಓಡಾಟವೂ ಕಡಿಮೆಯಾಗಿದೆ ಎಂದರೆ ಮುಚ್ಚಳ ತೆಗೆಯಲೇಬೇಕು.

ತೆರೆಯುವುದಾದರೆ ಬೆಳಿಗ್ಗೆ, ಬೇಗ

ಏಳರಿಂದ ಒಂಬತ್ತರ ಒಳಗೆ, ಐದು ನಿಮಿಷದಲ್ಲಿ ಮುಗಿಸಿ. ನನ್ನ ಮೊದಲ ಬೇಸಿಗೆಯಲ್ಲಿ ನಾನು ಇದನ್ನು ಪಾಲಿಸಲಿಲ್ಲ. ಏಪ್ರಿಲ್ ಕೊನೆಯ ಭಾನುವಾರ, ಮಧ್ಯಾಹ್ನ ಹನ್ನೆರಡೂವರೆ. ಹೊಸ ಎರಿ, ಕೆನೆಯ ಬಣ್ಣದ್ದು, ಜೇನು ತುಂಬಿ ಭಾರವಾಗಿತ್ತು. ಇನ್ನೊಂದು ಬದಿ ನೋಡಲು ಎರಿ ಕಟ್ಟಿದ ಮರದ ಚೌಕಟ್ಟನ್ನು ತಟ್ಟೆಯ ಹಾಗೆ ಅಡ್ಡ ಹಿಡಿದೆ. ಸದ್ದೇ ಆಗಲಿಲ್ಲ. ಎರಿ ಮೇಲಿನ ಪಟ್ಟಿಯಿಂದ ಬಿಟ್ಟುಕೊಂಡು ನನ್ನ ಪಾದದ ಮೇಲೆ ಬಿತ್ತು. ಜೇನು, ಮರಿ, ನೊಣ ಎಲ್ಲ ಒಂದೇ ಮುದ್ದೆ. ಸಂಜೆಯೊಳಗೆ ಇರುವೆ ಸಾಲು ಹತ್ತಿತು. ನಾಲ್ಕನೇ ದಿನ ಪೆಟ್ಟಿಗೆ ಖಾಲಿ. ಇವತ್ತಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಮೇಣ ಪೂರಾ ಕರಗುವುದು 62 ಡಿಗ್ರಿ ಆಸುಪಾಸಿನಲ್ಲಿ. ಆದರೆ 40 ದಾಟಿದರೆ ಸಾಕು, ಮೆತ್ತಗಾಗಿ ಭಾರ ತಡೆಯುವುದಿಲ್ಲ. ಆದ್ದರಿಂದ ಚೌಕಟ್ಟನ್ನು ಯಾವಾಗಲೂ ನೆಟ್ಟಗೆ ಹಿಡಿಯಿರಿ. ಇನ್ನೊಂದು ಬದಿ ನೋಡಲು ಮೊದಲು ಮೇಲಿನ ಪಟ್ಟಿಯನ್ನು ನೇರ ನಿಲ್ಲಿಸಿ, ಪುಸ್ತಕದ ಹಾಳೆಯಂತೆ ತಿರುವಿ, ಮತ್ತೆ ಇಳಿಸಿ. ಎರಿಯ ಮೈ ಒಮ್ಮೆಯೂ ನೆಲಕ್ಕೆ ಮುಖ ಮಾಡಬಾರದು.

ಒಳಗೆ ನೋಡಬೇಕಾದ್ದು ಮೊಟ್ಟೆ. ಕಣದ ತಳದಲ್ಲಿ ಅಕ್ಕಿ ನುಚ್ಚಿನ ಹಾಗೆ ಬೆಳ್ಳಗೆ ನಿಂತಿರುತ್ತದೆ. ಮೊಟ್ಟೆ ಕಂಡರೆ ರಾಣಿಯನ್ನು ಹುಡುಕುತ್ತಾ ಕೂರಬೇಡಿ, ಮುಚ್ಚಿಬಿಡಿ. ಮರಿಗಳು ನೀರು ತುಂಬಿದ ಚೀಲದ ಹಾಗೆ ಉಬ್ಬಿ, ತಲೆ ಮೇಲೆ ಮಾಡಿ ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ರೋಗ ಇರಬಹುದು. 1991-92ರಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುತೇಕ ಬರಿದು ಮಾಡಿದ ರೋಗ ಅದು. ಆ ಪೆಟ್ಟಿಗೆಯ ಚೌಕಟ್ಟನ್ನು ಇನ್ನೊಂದಕ್ಕೆ ಹಾಕಬೇಡಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದವರನ್ನೋ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯವರನ್ನೋ ಕೇಳಿ.

ಊಟದ ಲೆಕ್ಕ

ಧಾರವಾಡದ ಕಡೆ ಗಿಡಮರ ಜಾಸ್ತಿ. ಬೇವು, ನೇರಳೆ, ಹೊಂಗೆ, ಆಮೇಲೆ ಹುಣಸೆ ಒಂದರ ಹಿಂದೆ ಒಂದು ಹೂ ಬಿಡುತ್ತವೆ. ಗದಗದ ಕಪ್ಪು ಮಣ್ಣಿನ ಹೊಲಗಳಲ್ಲಿ ಹಾಗಲ್ಲ. ಕುಸುಬೆ, ಕಡಲೆ ಕಿತ್ತ ಮೇಲೆ ಕಣ್ಣು ಹಾಯುವಷ್ಟು ದೂರ ಬಯಲು. ತುಡುವೆ ಸಾಮಾನ್ಯವಾಗಿ ಹೋಗುವುದೇ ಒಂದು ಕಿಲೊಮೀಟರ್ ಆಸುಪಾಸು. ಅಷ್ಟರೊಳಗೆ ಏನು ಹೂ ಇದೆ ಎಂದು ಒಂದು ಸಂಜೆ ಸುತ್ತಾಡಿ ನೋಡಿ ಬನ್ನಿ.

ಬೇವಿನ ಹೂ ಉದುರಿದ ಮೇಲೆ ನಾನು ಜೇನು ತೆಗೆಯುವುದಿಲ್ಲ. ಮುಂದೆ ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ದಿನಗಟ್ಟಲೆ ಅವು ಹೊರಗೆ ಹೋಗಲಾರವು. ಈಗ ಕೂಡಿಟ್ಟಿದ್ದೇ ಆಗಿನ ಊಟ. ಅದನ್ನು ನಾವು ತಿಂದು ಆಮೇಲೆ ಸಕ್ಕರೆ ನೀರು ಕೊಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಕೂಡಿಟ್ಟದ್ದು ನಿಜವಾಗಿಯೂ ಮುಗಿದಿದ್ದರೆ ಸಕ್ಕರೆ ಪಾಕ ಕೊಡಬೇಕು. ಒಂದು ಲೀಟರ್ ನೀರು ಕಾಯಿಸಿ ಕೆಳಗಿಳಿಸಿ, ಒಂದು ಕೆ.ಜಿ. ಸಕ್ಕರೆ ಕರಗಿಸಿ, ಪೂರಾ ಆರಲು ಬಿಡಿ. ತೆಂಗಿನ ಚಿಪ್ಪಿಗೆ ಹಾಕಿ, ಮೇಲೆ ನಾಲ್ಕು ಒಣಕಡ್ಡಿ ತೇಲಿಬಿಟ್ಟು, ಪೆಟ್ಟಿಗೆಯ ಮೇಲಿನ ಭಾಗವಾದ ಜೇನು ಕೋಣೆಯೊಳಗಿಡಿ. ಸುಮಾರು ಕಾಲು ಲೀಟರ್, ವಾರಕ್ಕೆ ಎರಡು ಸಲ ಸಾಕು. ಕೊಡುವುದು ಕತ್ತಲಾದ ಮೇಲೆ. ಹೊರಗೆ ಒಂದು ಹನಿ ಚೆಲ್ಲಿದರೂ ಬೇರೆ ಗೂಡಿನ ಜೇನು ಬಂದು ಲೂಟಿ ಮಾಡುತ್ತದೆ. ಬೆಲ್ಲದ ನೀರು ಬೇಡ, ಹೊಟ್ಟೆ ಕೆಡುತ್ತದೆ. ಅಂಗಡಿಯ ಜೇನುತುಪ್ಪವೂ ಬೇಡ, ಅದರಿಂದ ರೋಗ ಬರಬಹುದು.

ಇರುವೆ, ಮೇಣದ ಹುಳು, ಗಾಳಿಮಳೆ

ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿರುತ್ತೇವೆ. ಏಪ್ರಿಲಿನಲ್ಲಿ ಆ ನೀರು ಒಂದೇ ದಿನಕ್ಕೆ ಆರುತ್ತದೆ. ದಿನಾ ಸಂಜೆ ನೋಡಿ. ಕಾಲಿಗೆ ಒಂದು ಪಟ್ಟಿ ಗ್ರೀಸ್ ಬಳಿದರೆ ಇನ್ನೂ ಭದ್ರ. ಹುಲ್ಲಿನ ಎಸಳು, ಬಳ್ಳಿ ಪೆಟ್ಟಿಗೆಗೆ ತಾಗಿದ್ದರೆ ಇರುವೆಗೆ ಅದೇ ಸೇತುವೆ.

ಮೇಣದ ಹುಳು ಬರುವುದು ನೊಣ ಕೂರದ ಹಳೆಯ ಕಪ್ಪು ಎರಿಗೆ. ಜೇಡರ ಬಲೆಯಂಥ ಬಿಳಿ ಎಳೆ, ಕಪ್ಪು ಹಿಕ್ಕೆ ಕಂಡರೆ ಆ ಎರಿ ತೆಗೆಯಿರಿ. ವಾರಕ್ಕೊಮ್ಮೆ ಅಡಿಹಲಗೆಯ ಮೇಣದ ಪುಡಿ ಗುಡಿಸಿ. ತೆಗೆದಿಟ್ಟ ಒಳ್ಳೆಯ ಎರಿಯನ್ನು ಎರಡು ದಿನ ಫ್ರೀಜರಿನಲ್ಲಿಟ್ಟರೆ ಹುಳು, ಮೊಟ್ಟೆ ಸಾಯುತ್ತವೆ.

ಸಂಜೆಯ ಅಡ್ಡಮಳೆಗೆ ಮುಂಚೆ ಬರುವ ಗಾಳಿ ಪೆಟ್ಟಿಗೆ ಉರುಳಿಸಬಲ್ಲದು. ಸ್ಟ್ಯಾಂಡಿಗೆ ಹಗ್ಗ ಬಿಗಿಯಿರಿ.

ಹೊರಟು ನಿಂತಿದ್ದರೆ

ತೆರೆದು ನೋಡಿದಾಗ ಮೊಟ್ಟೆ ಇಲ್ಲ, ಮರಿ ಇಲ್ಲ, ಜೇನೂ ಖಾಲಿ, ಆದರೆ ರಾಣಿ ಇದೆ ಎಂದಾದರೆ ಅವು ಗಂಟು ಕಟ್ಟಿಕೊಂಡಿವೆ. ಅದೇ ರಾತ್ರಿ ಪಾಕ ಕೊಡಿ. ಖಾಲಿ ಎರಿಗಳನ್ನು ತೆಗೆದು ನೊಣಗಳು ಒತ್ತಾಗಿ ಕೂರುವಷ್ಟೇ ಬಿಡಿ. ಇನ್ನೊಂದು ಆರೋಗ್ಯವಾದ ಪೆಟ್ಟಿಗೆಯಿಂದ ಮೊಟ್ಟೆ, ಮರಿ ಇರುವ ಒಂದು ಚೌಕಟ್ಟನ್ನು, ನೊಣ ಕೊಡವಿ, ಇದಕ್ಕೆ ಹಾಕಿ. ಬಾಗಿಲಿಗೆ ರಾಣಿ ಗೇಟು ಹಾಕಿ ನಾಲ್ಕೈದು ದಿನ ಬಿಡಿ. ಕೆಲಸದ ನೊಣಗಳು ಓಡಾಡುತ್ತವೆ, ರಾಣಿ ಹೊರಗೆ ಬರಲಾಗುವುದಿಲ್ಲ. ಹೊಸ ರಾಣಿ ಇನ್ನೂ ಗಂಡುನೊಣದ ಜತೆ ಕೂಡಿ ಬಂದಿಲ್ಲದಿದ್ದರೆ ಮಾತ್ರ ಈ ಗೇಟು ಹಾಕಬಾರದು. ಪರಾಗದ ಉಂಡೆ ಮತ್ತೆ ಒಳಗೆ ಹೋಗತೊಡಗಿದ ದಿನ ಗೇಟು ತೆಗೆಯಿರಿ.

ಹೊಸಬರಿಗೆ ಒಂದು ಮಾತು. ಮೇ 20 ವಿಶ್ವ ಜೇನುನೊಣ ದಿನ, 2018ರಿಂದ ಆಚರಿಸುತ್ತಿದ್ದಾರೆ. ಆ ದಿನದ ಫೋಟೊ, ವಿಡಿಯೊ ನೋಡಿ ಪೆಟ್ಟಿಗೆ ತರುವ ಆಸೆ ಎಷ್ಟೋ ಜನರಿಗೆ ಆಗುತ್ತದೆ. ನಮ್ಮ ಸೀಮೆಗೆ ಅದು ತರುವ ಹೊತ್ತಲ್ಲ. ಹಿಂದೆ ಬಿಸಿಲು, ಮುಂದೆ ಮಳೆ. ಗುರೆಳ್ಳು ಹೂ ಬಿಡುವ ಅಕ್ಟೋಬರಿನವರೆಗೆ ತಡೆಯಿರಿ. ಅಲ್ಲಿಯವರೆಗೆ ಸಾಕುವವರ ಹಿತ್ತಲಿಗೆ ಹೋಗಿ ಬಾಗಿಲ ಬಳಿ ಕೂತು ನೋಡಿ. ಯಾರೂ ಬೇಡ ಅನ್ನುವುದಿಲ್ಲ.

ಜೂನಿನಲ್ಲಿ ಮಳೆ ಹಿಡಿದ ಮೊದಲ ದಿನವೇ ಗೋಣಿ ತಟ್ಟು ತೆಗೆದುಬಿಡಿ. ನೆನೆದ ತಟ್ಟಿನಿಂದ ಪೆಟ್ಟಿಗೆಗೆ ಬೂಸಲು ಹತ್ತುತ್ತದೆ. ಪೆಟ್ಟಿಗೆಯ ಹಿಂಬದಿ ಸ್ಟ್ಯಾಂಡಿಗೆ ಒಂದು ಚೂರು ಹೆಂಚು ಕೊಟ್ಟು ಮುಂದಕ್ಕೆ ತುಸು ಇಳಿಜಾರು ಮಾಡಿ, ಒಳಗೆ ನೀರು ನಿಲ್ಲದ ಹಾಗೆ.