ಕಡಲ ಗಾಳಿಯಲ್ಲಿ ಹಳೆಯ ಡೀಸೆಲ್ ಎಂಜಿನ್ ಉಳಿಸಬೇಕಾದರೆ

ಹಳೆಯ ಡೀಸೆಲ್ ರೈಲು ಎಂಜಿನನ್ನು ತಂದು ನಿಲ್ಲಿಸಿ, ವರ್ಷಕ್ಕೊಮ್ಮೆ ಬಣ್ಣ ಬಳಿದರೆ ಅದು ಉಳಿಯಿತು ಎಂದುಕೊಂಡವರು ನಮ್ಮಲ್ಲಿ ಬಹಳ. ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದು ಈಗ ಉಡುಪಿಯಲ್ಲಿ ನೆಲೆಸಿರುವ ನನ್ನ ಕಣ್ಣು ಮೊದಲು ಹೋಗುವುದು ಬಣ್ಣದ ಕಡೆಗಲ್ಲ, ಹೊಗೆಕೊಳವೆಯ ಬಾಯಿಗೆ. ಅಲ್ಲಿ ಮುಚ್ಚಳವಿಲ್ಲದಿದ್ದರೆ ಮಳೆನೀರು ಎಂಜಿನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊಚಾರ್ಜರಿಗೆ ಇಳಿಯುತ್ತದೆ, ಅಲ್ಲಿಂದ ತೆರೆದ ವಾಲ್ವಿನ ಮೂಲಕ ಸಿಲಿಂಡರಿಗೂ ಇಳಿಯಬಹುದು.

ನಾನು ಹೇಳುತ್ತಿರುವುದು ಡಬ್ಲ್ಯುಡಿಎಂ-2 ಎಂಬ ಮಾದರಿಯ ರೈಲು ಎಂಜಿನಿನ ಬಗ್ಗೆ. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ. 1962ರಲ್ಲಿ ಭಾರತಕ್ಕೆ ಬಂತು, 1964ರಿಂದ ವಾರಾಣಸಿಯಲ್ಲೇ ತಯಾರಾಯಿತು. 16 ಸಿಲಿಂಡರ್, 2600 ಅಶ್ವಶಕ್ತಿ. ಮಂಗಳೂರಿನ ಹಳಿಗಳ ಮೇಲೂ ವರ್ಷಾನುಗಟ್ಟಲೆ ದುಡಿಯಿತು. 2022ಕ್ಕೆ ಕೊಂಕಣ ರೈಲು ಮಾರ್ಗವೂ ಪೂರ್ತಿ ವಿದ್ಯುದೀಕರಣಗೊಂಡ ಮೇಲೆ ನಮ್ಮ ಕಡೆ ಡೀಸೆಲ್ಲಿಗೆ ಕೆಲಸ ಕಡಿಮೆ. ಇದರಲ್ಲಿ ಡೀಸೆಲ್ ಎಂಜಿನ್ ತಿರುಗಿಸುವುದು ಜನರೇಟರನ್ನು; ಚಕ್ರ ತಿರುಗಿಸುವುದು ಆರು ವಿದ್ಯುತ್ ಮೋಟಾರುಗಳು. ಹಾಗಾಗಿ ಕಬ್ಬಿಣದಷ್ಟೇ ತಾಮ್ರವನ್ನೂ ಕಾಯಬೇಕು.

ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಗೆ ಮಳೆ ಹಿಡಿಯುವ ಮುಂಚೆ, ಮುಗಿಯಬೇಕಾದ ಕೆಲಸಗಳಿವೆ. ಹೊಗೆಕೊಳವೆಗೆ ಅಂಚು ಹೊರಚಾಚಿದ ತಗಡಿನ ಮುಚ್ಚಳ ಹಾಕಿ, ಮುಚ್ಚಳವಿದೆ ಎಂಬ ಚೀಟಿಯನ್ನು ಡ್ರೈವರನ ಕಂಟ್ರೋಲ್ ಸ್ಟ್ಯಾಂಡಿಗೆ ಕಟ್ಟಿ. ಇಡೀ ಎಂಜಿನಿಗೆ ಟಾರ್ಪಾಲು ಸುತ್ತಬೇಡಿ. ಒಳಗಿನ ಪಸೆ ಹೊರಹೋಗದೆ ಬೆವರುತ್ತದೆ. ಕಂಬದ ಮೇಲೆ ಮಾಡು, ಬದಿಗಳು ಬಯಲು, ಅಷ್ಟು ಸಾಕು. ಆದರೆ ಮಾಡಿನ ಕೆಳಗಿರುವ ಎಂಜಿನಿನ ಮೇಲೆ ಕೂತ ಉಪ್ಪನ್ನು ತೊಳೆಯಲು ಮಳೆ ಬರುವುದಿಲ್ಲ. ಬೇಸಗೆಯಲ್ಲಿ ಒಂದೆರಡು ಬಾರಿ ಸಿಹಿನೀರಿನಲ್ಲಿ ಹೊರಮೈಯನ್ನೂ ಚಕ್ರಗಳ ಚೌಕಟ್ಟನ್ನೂ ತೊಳೆದು ಒಣಗಿಸಿ. ಮೋಟಾರುಗಳ ಕಡೆಗೆ ಪೈಪು ತಿರುಗಿಸಬೇಡಿ.

ಎಲ್ಲರೂ ಮರೆಯುವುದು ಮರಳಿನ ಪೆಟ್ಟಿಗೆಯನ್ನು. ಚಕ್ರ ಜಾರದಿರಲೆಂದು ತುಂಬಿದ ಮರಳು ಪಸೆ ಹೀರಿ ಪೆಟ್ಟಿಗೆಯ ತಳವನ್ನೇ ತಿನ್ನುತ್ತದೆ. ಖಾಲಿ ಮಾಡಿ, ಗುಡಿಸಿ. ಬ್ಯಾಟರಿಗಳನ್ನು ಇಳಿಸಿಬಿಡಿ.

ಜನರೇಟರಿನಲ್ಲಿ ತಿರುಗುವ ತಾಮ್ರಕ್ಕೆ ಒತ್ತಿ ಕೂತು ವಿದ್ಯುತ್ ಸಾಗಿಸುವ ಕಾರ್ಬನ್ ಬ್ರಶ್‌ಗಳನ್ನು ಎತ್ತಿಡಿ. ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಕೂತ ಬ್ರಶ್ಶಿನ ಅಡಿಯಲ್ಲಿ ತಾಮ್ರ ಕಲೆಗಟ್ಟಿ ಗುಳಿ ಬೀಳುತ್ತದೆ. ಆಟಿ ತಿಂಗಳಿಡೀ (ಜುಲೈ-ಆಗಸ್ಟ್) ಜನರೇಟರಿನ ಗೂಡಿನಲ್ಲಿ ಒಂದು 60 ವ್ಯಾಟಿನ ಬಲ್ಬು ಉರಿಯಲಿ. ಎಣ್ಣೆ ಬಟ್ಟೆ, ವಯರು ಹತ್ತಿರ ಇರಬಾರದು. ಇಲ್ಲಿ ಎಲ್‌ಇಡಿ ಹಾಕಿ ಪ್ರಯೋಜನವಿಲ್ಲ, ನಮಗೆ ಬೇಕಾದದ್ದು ಬಿಸಿ.

ಎಂಜಿನನ್ನು ಮತ್ತೆ ಚಾಲೂ ಮಾಡುವ ಆಸೆಯಿದ್ದರೆ ಅವಸರ ಬೇಡ. ಮೊದಲು ಎಣ್ಣೆ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಸಂಶಯವಿದ್ದರೆ ಹಳೆಯ ಕಾವಲಿಯನ್ನು ಕಾಯಿಸಿ, ಬೆಂಕಿಯಿಂದ ದೂರ ತಂದು ಒಂದು ಹನಿ ಬಿಡಿ. ಚಟಪಟ ಎಂದರೆ ನೀರಿದೆ. ಆಮೇಲೆ ಹದಿನಾರೂ ಸಿಲಿಂಡರುಗಳ ಪರೀಕ್ಷಾ ಪ್ಲಗ್ ತೆರೆದು, ಕ್ರ್ಯಾಂಕ್‌ಶಾಫ್ಟನ್ನು ಸನ್ನೆಕೋಲಿನಿಂದ ನಿಧಾನವಾಗಿ ಪೂರ್ತಿ ಎರಡು ಸುತ್ತು ತಿರುಗಿಸಿ. ಮುಖ ಅಡ್ಡ ಹಿಡಿಯಬೇಡಿ. ಯಾವ ರಂಧ್ರದಿಂದ ನೀರು ಚಿಮ್ಮಿತೋ ಆ ಸಿಲಿಂಡರಿನ ಹೆಡ್ಡು, ಲೈನರ್ (ಒಳಗಿನ ಕೊಳವೆ) ಸೋರುತ್ತಿದೆಯೇ ನೋಡಿ. ಹಾಗೆ ನೋಡದೆ ಬ್ಯಾಟರಿ ಕೊಟ್ಟು ತಿರುಗಿಸಿದರೆ, ನೀರು ಕುಗ್ಗುವುದಿಲ್ಲವಾದ್ದರಿಂದ, ಕನೆಕ್ಟಿಂಗ್ ರಾಡೇ ಬಾಗುತ್ತದೆ. ಇನ್ನು ಬೇರಿಂಗುಗಳು, ಬಹಳ ದಿನ ನಿಂತಿದ್ದರೆ ಒಣಗಿರುತ್ತವೆ. ಹೊರಗಿನ ಪಂಪಿನಿಂದ ಎಣ್ಣೆ ಹಾಯಿಸಿ ಒತ್ತಡ ಬಂದ ಮೇಲೆಯೇ ಮುಂದಿನ ಮಾತು. ಮೋಟಾರು, ಜನರೇಟರುಗಳ ಇನ್ಸುಲೇಶನ್, ಅದನ್ನು ಅಳೆಯುವ ಮೆಗ್ಗರ್ ಎಂಬ ಮೀಟರಿನಲ್ಲಿ 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಒಣಗಿಸುವ ತನಕ ಚಾಲೂ ಮಾಡಬೇಡಿ.

ಬಣ್ಣದ ಮಾತು ಕೊನೆಗೆ. ಹಳೆಯ ಪದರ ಕೆರೆಯುವ ಮೊದಲು ನಂಬರು, ಶೆಡ್ಡಿನ ಹೆಸರು, ತಪಾಸಣೆಯ ದಿನಾಂಕ ಇವಿಷ್ಟನ್ನೂ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ತುಕ್ಕು ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು. ನಮ್ಮ ಗಾಳಿಯಲ್ಲಿ ಬೆಳಿಗ್ಗೆಯ ಬರಿಗಬ್ಬಿಣ ಸಂಜೆಗೆ ಕೆಂಪು.